ಕಡತದಿಂದ ತೆಗೆದ ಮಾತು

"ಅದನ್ನು ಕಡತದಿಂದ ತೆಗೀರಿ" ಎಂದು ಪೀಠದಿಂದ ಒಂದು ಮಾತು ಬಂದರೆ ಸಾಕು, ನೂರಾರು ಜನ ಕಿವಿಯಾರೆ ಕೇಳಿದ್ದು ಆಡದೇ ಇದ್ದ ಮಾತಾಗಿಬಿಡುತ್ತದೆ. ಮತಕ್ಕೆ ಹಾಕಬೇಕಿಲ್ಲ, ಕಾರಣ ಹೇಳಬೇಕಿಲ್ಲ, ಮೇಲ್ಮನವಿ ಎಂಬುದಿಲ್ಲ. ನಮ್ಮ ಪ್ರಜಾಪ್ರಭುತ್ವದಲ್ಲಿ ಒಬ್ಬ ವ್ಯಕ್ತಿಯ ವಿವೇಚನೆಗೆ ಇಷ್ಟು ಪೂರ್ತಿಯಾಗಿ ಬಿಟ್ಟುಕೊಟ್ಟ ಅಧಿಕಾರಗಳು ಹೆಚ್ಚಿಲ್ಲ. ವಿಧಾನಸಭೆ, ಲೋಕಸಭೆಗಳ ಸಭಾಧ್ಯಕ್ಷರಿಗೂ ವಿಧಾನ ಪರಿಷತ್ತು, ರಾಜ್ಯಸಭೆಗಳ ಸಭಾಪತಿಗಳಿಗೂ ಇರುವ ಈ ಅಧಿಕಾರದ ಬಗ್ಗೆ ಗಲಾಟೆ ಎದ್ದ ದಿನ ಎರಡು ಮಾತಾಡಿ ನಾವು ಮರೆತುಬಿಡುತ್ತೇವೆ. ಅಳಿಸುವವರ ಪ್ರಾಮಾಣಿಕತೆ ಎಂದರೆ ಏನು, ಅದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಅದಕ್ಕಿಂತ ಹೆಚ್ಚಿನ ಗಮನ ಬೇಡುತ್ತದೆ.

ಮೊದಲು ನಿಯಮ. ಲೋಕಸಭೆಯ ಕಾರ್ಯವಿಧಾನ ನಿಯಮಾವಳಿಯ 380ನೇ ನಿಯಮದ ಪ್ರಕಾರ, ಚರ್ಚೆಯಲ್ಲಿ ಬಳಸಿದ ಪದಗಳು ಮಾನಹಾನಿಕರ, ಅಸಭ್ಯ, ಅಸಂಸದೀಯ ಅಥವಾ ಘನತೆಗೆ ತಕ್ಕುದಲ್ಲದವು ಎಂದು ಸ್ಪೀಕರ್‌ಗೆ ಅನಿಸಿದರೆ ಅವನ್ನು ಕಡತದಿಂದ ತೆಗೆಯಲು ಆದೇಶಿಸಬಹುದು. ಅದರ ಬೆನ್ನಿಗೇ ಇರುವ 381ನೇ ನಿಯಮ ಅಷ್ಟು ಪ್ರಸಿದ್ಧವಲ್ಲ. ತೆಗೆದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಬೇಕು, ಪುಟದ ಕೆಳಗೆ "ಪೀಠದ ಆದೇಶದಂತೆ ತೆಗೆಯಲಾಗಿದೆ" ಎಂಬ ಅರ್ಥದ ಅಡಿಟಿಪ್ಪಣಿ ಕೊಡಬೇಕು ಎಂದು ಅದು ಹೇಳುತ್ತದೆ. ಮುದ್ರಿತ ನಡಾವಳಿಯ ಸಂಪುಟವನ್ನು ತೆರೆದು ನೋಡಿ. ವಾಕ್ಯ ಓಡುತ್ತಾ ಬಂದು ಒಂದು ನಕ್ಷತ್ರದ ಮುಂದೆ ನಿಲ್ಲುತ್ತದೆ, ಮತ್ತೆ ಆಚೆ ದಡದಿಂದ ಮುಂದುವರಿಯುತ್ತದೆ. ತೆಗೆದದ್ದು ಒಂದು ಪದವೋ ಮೂರು ವಾಕ್ಯವೋ ಗೊತ್ತಾಗುವುದಿಲ್ಲ, ಆದರೆ ಇಲ್ಲಿ ಏನೋ ಇತ್ತು ಎಂಬುದಂತೂ ಗೊತ್ತಾಗುತ್ತದೆ. ಈ ಎರಡನೇ ನಿಯಮ ಬರೆದವರಿಗೆ ನಾನು ಋಣಿ. ಅಳಿಸುವುದು ಅನಿವಾರ್ಯವಾದರೂ ಅಳಿಸಿದ್ದನ್ನು ಮುಚ್ಚಿಡಬಾರದು ಎಂಬ ತಿಳಿವಳಿಕೆ ಅದರಲ್ಲಿದೆ.

ಇದರ ಪಕ್ಕದಲ್ಲೇ ಇನ್ನೊಂದು ರೂಢಿ ಇದೆ. ಅನುಮತಿ ಇಲ್ಲದೆ ಎದ್ದು ಮಾತಾಡುವ ಸದಸ್ಯರಿಗೆ ಪೀಠ "ನೀವು ಆಡಿದ್ದು ಯಾವುದೂ ಕಡತಕ್ಕೆ ಹೋಗುವುದಿಲ್ಲ" ಎನ್ನುತ್ತದೆ. ಹಾಗೆಂದ ಕ್ಷಣದಿಂದ ಶೀಘ್ರಲಿಪಿಕಾರರ ಪೆನ್ನು ನಿಲ್ಲುತ್ತದೆ, ನಡಾವಳಿಯಲ್ಲಿ "ದಾಖಲಿಸಿಲ್ಲ" ಎಂಬ ಟಿಪ್ಪಣಿ ಮಾತ್ರ ಬರುತ್ತದೆ. ಬರೆದದ್ದನ್ನು ತೆಗೆಯುವುದೇ ಒಂದು, ಬರೆಯದೇ ಇರುವುದೇ ಇನ್ನೊಂದು. ಮೊದಲನೆಯದನ್ನು ಮುಂದೊಂದು ದಿನ ಪರಿಶೀಲಿಸಲು ಸಾಧ್ಯ, ಎರಡನೆಯದಕ್ಕೆ ಆ ದಾರಿಯೂ ಇಲ್ಲ. ಸದನದ ಬಾವಿಗಿಳಿದು ಕೂಗುವುದನ್ನೆಲ್ಲ ಬರೆದುಕೊಳ್ಳಲು ಆಗದು, ನಿಜ. ಆದರೆ ನಿಯಮ ತಪ್ಪಿದೆ ಎಂದು ಕ್ರಿಯಾಲೋಪ ಎತ್ತಲು ನಿಂತ ಸದಸ್ಯರಿಗೂ ಇದೇ ಮಾತು ಹೇಳಿ ಕೂರಿಸಿದರೆ ಅದು ಬೇರೆಯೇ ಸಂಗತಿ.

ಈ ಅಧಿಕಾರವೇ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಂವಿಧಾನದ 105ನೇ ಮತ್ತು 194ನೇ ವಿಧಿಗಳು ಸದನದೊಳಗೆ ಆಡಿದ ಮಾತಿಗೆ ನ್ಯಾಯಾಲಯದ ಭಯವಿಲ್ಲದಂತೆ ಸಂಸದರನ್ನೂ ಶಾಸಕರನ್ನೂ ಕಾಪಾಡುತ್ತವೆ. ಅಧಿಕಾರಸ್ಥರ ಮುಖಕ್ಕೆ ಮಾತಾಡಲು ಈ ರಕ್ಷಣೆ ಬೇಕೇ ಬೇಕು. ಇನ್ನೊಂದು ಬದಿಯನ್ನೂ ನೋಡಿ. ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತರ ಹೆಸರೆತ್ತಿ ಶಾಸಕರೊಬ್ಬರು ಸದನದಲ್ಲಿ "ಲಂಚಕೋರ" ಎಂದರು ಎಂದಿಟ್ಟುಕೊಳ್ಳಿ. ಆ ಗುಮಾಸ್ತರು ಮಾನನಷ್ಟ ಮೊಕದ್ದಮೆ ಹೂಡುವಂತಿಲ್ಲ, ಸದನಕ್ಕೆ ಬಂದು ಉತ್ತರ ಕೊಡುವಂತಿಲ್ಲ. ಬೀದಿಯಲ್ಲಿ ತಲೆಯೆತ್ತಿ ನಡೆಯಲು ಅವರಿಗಿರುವ ಆಸರೆ ಪೀಠವೊಂದೇ. ಮುಂಚೆಯೇ ನೋಟಿಸ್ ಕೊಡದೆ ಯಾರ ಮೇಲೂ ಮಾನಹಾನಿಕರ ಆರೋಪ ಮಾಡಬಾರದು ಎನ್ನುವ ಲೋಕಸಭೆಯ 353ನೇ ನಿಯಮ ಹುಟ್ಟಿದ್ದು ಈ ಕಾಳಜಿಯಿಂದ. ಉತ್ತರ ಕೊಡಲಾಗದವರನ್ನು ಕಾಯಲು ಅಳಿಸುವುದು ನ್ಯಾಯ. ಎದ್ದು ನಿಂತು ಉತ್ತರ ಕೊಡಬಲ್ಲ, ಎದುರಿಗೆ ಮೈಕ್ ಇರುವವರನ್ನು ಕಾಯಲು ಅಳಿಸಿದರೆ ಅದನ್ನು ನ್ಯಾಯ ಎನ್ನಲಾಗದು. ಮುಂದೆ ನೋಡುವ ಪ್ರಸಂಗಗಳನ್ನೆಲ್ಲ ನಾನು ಹಿಡಿದು ನೋಡುವುದು ಈ ಬೆಳಕಿನಲ್ಲಿ.

ದಾಖಲೆ ಅಳಿಸುವ ಚರಿತ್ರೆ ಹಳೆಯದು. 1621ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಕಾಮನ್ಸ್, ರಾಜ್ಯದ ಯಾವುದೇ ವಿಷಯವನ್ನು ಮುಕ್ತವಾಗಿ ಚರ್ಚಿಸುವುದು ತನ್ನ ಜನ್ಮಸಿದ್ಧ ಹಕ್ಕು ಎಂದು ಸಾರುವ ಒಂದು ಪ್ರತಿಭಟನಾ ಪತ್ರವನ್ನು ತನ್ನ ದಿನಚರಿಯಲ್ಲಿ ಬರೆಸಿತು. ಕೆಲವೇ ದಿನಗಳಲ್ಲಿ ದೊರೆ ಒಂದನೇ ಜೇಮ್ಸ್ ಆ ಪುಸ್ತಕವನ್ನು ತರಿಸಿಕೊಂಡು, ಮಂತ್ರಾಲೋಚನಾ ಸಭೆಯ ಎದುರಿಗೇ ಆ ಹಾಳೆಯನ್ನು ಕೈಯಾರೆ ಹರಿದ. ಸಂಸತ್ತು ವಿಸರ್ಜನೆಯಾಯಿತು, ಮುಂದಾಳುಗಳಲ್ಲಿ ಕೆಲವರು ಸೆರೆಮನೆ ಕಂಡರು. ಪತ್ರದ ಪ್ರತಿಗಳು ಮಾತ್ರ ಉಳಿದವು. ಇಂದಿಗೂ ಅದನ್ನು ಓದಬಹುದು.

ಅಮೆರಿಕದ ಸೆನೆಟ್ ಎರಡು ಶತಮಾನಗಳ ನಂತರ ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿತು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಂಯುಕ್ತ ಸಂಸ್ಥಾನದ ಬ್ಯಾಂಕಿನಿಂದ ಸರ್ಕಾರದ ಹಣ ಹಿಂತೆಗೆದ ಕಾರಣಕ್ಕೆ 1834ರ ಮಾರ್ಚ್‌ನಲ್ಲಿ ಸೆನೆಟ್ ಅವರ ಮೇಲೆ ಖಂಡನಾ ನಿರ್ಣಯ ಅಂಗೀಕರಿಸಿತ್ತು. ಜಾಕ್ಸನ್‌ರ ಬೆಂಬಲಿಗ ಥಾಮಸ್ ಹಾರ್ಟ್ ಬೆಂಟನ್ ಅದನ್ನು ಅಳಿಸಿಯೇ ತೀರಬೇಕೆಂದು ವರ್ಷಗಟ್ಟಲೆ ಪಟ್ಟು ಹಿಡಿದರು. 1837ರ ಜನವರಿ 16ರಂದು ಅವರ ಪಕ್ಷ ಗೆದ್ದಿತು. ಆದರೆ ಸದನ ತನ್ನ ದಿನಚರಿಯನ್ನು ಇಟ್ಟುಕೊಳ್ಳಲೇಬೇಕು ಎಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಹಾಳೆ ಹರಿದರೆ ಸಂವಿಧಾನವನ್ನೇ ಹರಿದಂತೆ. ಹಾಗಾಗಿ ಕಾರ್ಯದರ್ಶಿ ಮೂಲ ಹಸ್ತಪ್ರತಿಯನ್ನು ಸದನಕ್ಕೆ ತಂದು, 1834ರ ಆ ಪುಟ ತೆರೆದು, ಖಂಡನಾ ನಿರ್ಣಯದ ಸುತ್ತ ಕಪ್ಪು ಗೆರೆಗಳನ್ನು ಎಳೆದು, ಸೆನೆಟ್ಟಿನ ಆದೇಶದಂತೆ ತೆಗೆಯಲಾಗಿದೆ ಎಂದು ತಾರೀಖಿನ ಸಮೇತ ಅದರ ಮೇಲೆ ಬರೆದರು. ಕೆಳಗಿನ ಅಕ್ಷರಗಳು ಹಾಗೇ ಉಳಿದವು. ನಿರ್ಣಯ ರದ್ದಾಯಿತು, ಅದನ್ನು ಯಾರು ಯಾವಾಗ ರದ್ದು ಮಾಡಿದರು ಎಂಬುದೂ ದಾಖಲಾಯಿತು. ಬೆಂಟನ್‌ರದು ಪಕ್ಷಪಾತದ ಹಟವೇ ಇರಬಹುದು, ಆದರೂ ನಾನು ಬಲ್ಲ ಅಳಿಸುವಿಕೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಅದೇ ಅಮೆರಿಕ ಆಡದ ಮಾತನ್ನು ದಾಖಲೆಗೆ ಸೇರಿಸುವುದರಲ್ಲೂ ಹೆಸರಾದದ್ದು. 1972ರ ಅಕ್ಟೋಬರ್ 16ರಂದು ಅಲ್ಲಿನ ಪ್ರತಿನಿಧಿ ಸಭೆಯ ಸದಸ್ಯ ಹೇಲ್ ಬಾಗ್ಸ್ ಅಲಾಸ್ಕಾದಲ್ಲಿ ವಿಮಾನದೊಂದಿಗೆ ಕಣ್ಮರೆಯಾದರು. ಎರಡು ದಿನದ ನಂತರದ ಅಧಿಕೃತ ನಡಾವಳಿಯಲ್ಲಿ ಅವರು ಸದನದಲ್ಲಿ ನಿಂತು ಮಾಡಿದ ಹಾಗೆ ಭಾಷಣವೊಂದು ಅಚ್ಚಾಯಿತು. ಸದಸ್ಯರು ಬರೆದುಕೊಟ್ಟದ್ದನ್ನೆಲ್ಲ ಆಡಿದ್ದೆಂಬಂತೆ ಮುದ್ರಿಸುವ ರೂಢಿಯ ಫಲ ಅದು. ಬ್ರಿಟನ್ ಈಗ ಇನ್ನೊಂದು ದಾರಿ ಹಿಡಿದಿದೆ. 2021ರ ಜುಲೈನಲ್ಲಿ ಡಾನ್ ಬಟ್ಲರ್ ಎಂಬ ಸದಸ್ಯೆ ಪ್ರಧಾನಿ ಸುಳ್ಳು ಹೇಳಿದ್ದಾರೆ ಎಂದರು, ಮಾತು ಹಿಂಪಡೆಯಲು ಒಪ್ಪಲಿಲ್ಲ, ಅವರನ್ನು ಆ ದಿನದ ಮಟ್ಟಿಗೆ ಹೊರಗೆ ಕಳಿಸಲಾಯಿತು. ಅವರ ಮಾತು ಮಾತ್ರ ಅಲ್ಲಿನ ಅಧಿಕೃತ ನಡಾವಳಿ ಹ್ಯಾನ್ಸರ್ಡ್‌ನಲ್ಲಿ ಅಕ್ಷರಶಃ ಉಳಿದಿದೆ. ಮಾತಾಡಿದವರಿಗೆ ಶಿಕ್ಷೆಯಾಯಿತು, ದಾಖಲೆ ಅಲುಗಲಿಲ್ಲ. ನಮ್ಮಲ್ಲಿ ಬಹುಪಾಲು ಇದರ ತದ್ವಿರುದ್ಧ: ಮಾತಾಡಿದವರು ಕೂತೇ ಇರುತ್ತಾರೆ, ಮಾತು ಹೋಗುತ್ತದೆ.

ಭಾರತದಲ್ಲಿ ಈ ಪ್ರಶ್ನೆ ಕಾನೂನಿನ ಕಟಕಟೆ ಹತ್ತಿದ್ದು ಪಾಟ್ನಾದಿಂದ. 1957ರ ಮೇ 30ರಂದು ಬಿಹಾರ ವಿಧಾನಸಭೆಯಲ್ಲಿ ಮಹೇಶ್ವರ ಪ್ರಸಾದ್ ನಾರಾಯಣ್ ಸಿನ್ಹಾ ಎಂಬ ಶಾಸಕರು ಮುಖ್ಯಮಂತ್ರಿ ಶ್ರೀಕೃಷ್ಣ ಸಿನ್ಹಾ ಅವರ ಆಡಳಿತದ ಮೇಲೆ ಕಟುವಾದ ಭಾಷಣ ಮಾಡಿದರು. ಅದರ ಕೆಲವು ಭಾಗಗಳನ್ನು ಸ್ಪೀಕರ್ ಕಡತದಿಂದ ತೆಗೆಸಿದರು. ಮರುದಿನ 'ಸರ್ಚ್‌ಲೈಟ್' ಪತ್ರಿಕೆ ತೆಗೆದ ಭಾಗಗಳೂ ಸೇರಿದಂತೆ ಇಡೀ ಭಾಷಣವನ್ನು ಅಚ್ಚು ಹಾಕಿತು. ಸಂಪಾದಕ ಎಂ.ಎಸ್.ಎಂ. ಶರ್ಮಾ ಅವರಿಗೆ ಹಕ್ಕುಚ್ಯುತಿಯ ನೋಟಿಸ್ ಬಂತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1958ರ ಡಿಸೆಂಬರ್ 12ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಮತ್ತು ಅವರೊಂದಿಗಿದ್ದ ಬಹುಮತ ಸದನದ ಕಡೆ ನಿಂತಿತು. ಸ್ಪೀಕರ್ ತೆಗೆಸಿದ ಭಾಗ ಕಾನೂನಿನ ದೃಷ್ಟಿಯಲ್ಲಿ ಆಡದ ಮಾತಿನಂತೆ, ಅದನ್ನು ಸೇರಿಸಿದ ವರದಿ ಸದನದ ಯಥಾರ್ಥ ವರದಿಯಾಗದು ಎಂದಿತು. ಕೆ. ಸುಬ್ಬರಾವ್ ಒಬ್ಬರೇ ಭಿನ್ನ ತೀರ್ಪು ಬರೆದು ನಾಗರಿಕರ ಮೂಲಭೂತ ಹಕ್ಕಿನ ಪರ ನಿಂತರು.

ಈ ತೀರ್ಪಿನ ತರ್ಕವನ್ನು ಗಮನಿಸಬೇಕು. ಪತ್ರಕರ್ತರ ಗ್ಯಾಲರಿಯಲ್ಲಿ ಕೂತ ವರದಿಗಾರ ಕೇಳಿದ್ದನ್ನು ಕೇಳಿದಂತೆಯೇ ಬರೆದ. ಅದು ಸುಳ್ಳು ವರದಿಯಾಯಿತು. ಒಂದು ಪಾಲು ಕತ್ತರಿಸಿ ಬರೆದಿದ್ದರೆ ಸತ್ಯ ವರದಿಯಾಗುತ್ತಿತ್ತು! ಸತ್ಯವನ್ನು ಹೀಗೆ ಆದೇಶದ ಮೂಲಕ ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಆತ್ಮಸಾಕ್ಷಿಯ ಮೇಲೆ ಎಷ್ಟು ದೊಡ್ಡ ಭಾರ ಬಿದ್ದಿತು! ಸದನದ ವರದಿ ಮಾಡುವ ಪತ್ರಿಕೆಗಳನ್ನು ಕಾಪಾಡಲು ಫಿರೋಜ್ ಗಾಂಧಿ 1956ರಲ್ಲಿ ಖಾಸಗಿ ಮಸೂದೆಯಾಗಿ ತಂದ ಕಾಯಿದೆ ತುರ್ತುಪರಿಸ್ಥಿತಿಯಲ್ಲಿ ರದ್ದಾಯಿತು, 1977ರಲ್ಲಿ ಮರಳಿತು. ಮರುವರ್ಷದ 44ನೇ ತಿದ್ದುಪಡಿ ಆ ರಕ್ಷಣೆಯನ್ನು 361ಎ ವಿಧಿಯಾಗಿ ಸಂವಿಧಾನಕ್ಕೇ ಸೇರಿಸಿತು. ಆದರೆ ಈ ರಕ್ಷಣೆಯೆಲ್ಲ ಬಹುಮಟ್ಟಿಗೆ ಸತ್ಯವಾದ ವರದಿಗೆ ಮಾತ್ರ. ತೆಗೆದ ಮಾತು ಅದರ ಹೊರಗೇ ಉಳಿಯಿತು.

ಈಗ ಕಾಲ ಬದಲಾಗಿದೆ. ಕಲಾಪ ನೇರ ಪ್ರಸಾರವಾಗುತ್ತದೆ, ಆಡಿದ ಮಾತು ಅರ್ಧ ಗಂಟೆಯಲ್ಲಿ ಲಕ್ಷಾಂತರ ಮೊಬೈಲ್‌ಗಳಿಗೆ ತಲುಪಿರುತ್ತದೆ. ಹಾಗಿದ್ದ ಮೇಲೆ ಕಡತದಿಂದ ತೆಗೆದರೇನು ಬಿಟ್ಟರೇನು ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಬಹಳ ಇದೆ. ಮುಂದಿನ ವರ್ಷ ಇನ್ನೊಬ್ಬ ಸದಸ್ಯರು ಹಿಂದಿನ ಚರ್ಚೆಯನ್ನು ಉಲ್ಲೇಖಿಸಬೇಕಾದರೆ, ಐವತ್ತು ವರ್ಷದ ನಂತರ ಸಂಶೋಧಕರು ಆ ದಿನ ಏನು ನಡೆಯಿತೆಂದು ಹುಡುಕಬೇಕಾದರೆ ಕೈಗೆ ಸಿಗುವುದು ಅಧಿಕೃತ ನಡಾವಳಿ. ವಿಡಿಯೊ ತುಣುಕುಗಳು ಬರುತ್ತವೆ, ಹೋಗುತ್ತವೆ, ತಿರುಚಲ್ಪಡುತ್ತವೆ. ಸರ್ಕಾರ ಉತ್ತರ ಕೊಡಬೇಕಾದ ಹೊಣೆ ಇರುವುದೂ ಕಡತದಲ್ಲಿರುವ ಆರೋಪಕ್ಕೇ.

2023ರ ಫೆಬ್ರುವರಿಯಲ್ಲಿ ಆದದ್ದು ಇದಕ್ಕೆ ಒಳ್ಳೆಯ ನಿದರ್ಶನ. 7ರಂದು ಲೋಕಸಭೆಯಲ್ಲಿ ರಾಹುಲ್ ಗಾಂಧಿ ಅದಾನಿ ಸಮೂಹವನ್ನೂ ಪ್ರಧಾನಿಯನ್ನೂ ಜೋಡಿಸಿ ಮಾಡಿದ ಭಾಷಣದ ಹದಿನೆಂಟು ಕಡೆ ಕತ್ತರಿ ಬಿತ್ತೆಂದು ವರದಿಯಾಯಿತು. ಮರುದಿನ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕ, ನಮ್ಮ ಗುರುಮಠಕಲ್‌ನಿಂದ ಬೆಳೆದು ಬಂದ ಮಲ್ಲಿಕಾರ್ಜುನ ಖರ್ಗೆ ಅವರ ಭಾಷಣದ ಕೆಲವು ಭಾಗಗಳೂ ಹೋದವು. ಪ್ರಧಾನಿಯ ಮೌನವನ್ನು ಕುರಿತು ಖರ್ಗೆ ಆಡಿದ್ದ ಮಾತಿಗೆ ಪೀಠದ ಆಕ್ಷೇಪವಿತ್ತು. ಅಂಥದೇ ಮಾತನ್ನು ವಾಜಪೇಯಿ ಅವರು ನರಸಿಂಹರಾವ್ ಅವರ ಬಗ್ಗೆ ಬಳಸಿದ್ದರಲ್ಲ ಎಂಬುದು ಖರ್ಗೆ ಅವರ ವಾದ. ನನ್ನ ಭಾಷಣದಲ್ಲಿ ಅಸಂಸದೀಯವಾದದ್ದು ಏನಿತ್ತು ಎಂದು ಅವರು ಸದನದಲ್ಲೇ ಎದ್ದು ಕೇಳಿದರು. ಪಕ್ಷ ಯಾವುದೇ ಇರಲಿ, ಐವತ್ತು ವರ್ಷ ಸದನಗಳಲ್ಲಿ ಕಳೆದ ಹಿರಿಯರೊಬ್ಬರಿಗೆ ತನ್ನ ಮಾತು ಯಾಕೆ ಹೋಯಿತೆಂದು ಕೇಳಿ ತಿಳಿಯಬೇಕಾದ ಸ್ಥಿತಿ ಬಂದದ್ದು ನನಗೆ ನೋವಿನ ವಿಷಯ. 2024ರ ಜುಲೈನಲ್ಲಿ ಮತ್ತೆ ಹೀಗೇ ಆಯಿತು. ರಾಹುಲ್ ಗಾಂಧಿ ಸ್ಪೀಕರ್ ಓಂ ಬಿರ್ಲಾ ಅವರಿಗೆ ಪತ್ರ ಬರೆದು, ತನ್ನ ಮಾತುಗಳು 380ನೇ ನಿಯಮದ ವ್ಯಾಪ್ತಿಗೆ ಬರುವುದಿಲ್ಲ, ಆರೋಪಗಳೇ ತುಂಬಿದ್ದ ಆಡಳಿತ ಪಕ್ಷದ ಸದಸ್ಯರ ಭಾಷಣದಲ್ಲಿ ಒಂದೇ ಪದ ಹೋಗಿದೆ ಎಂದು ದೂರಿದರು.

ಪೀಠದ ಪರವಾಗಿಯೂ ಹೇಳುವುದಿದೆ. ಪ್ರಧಾನಿಯ ಮಾತನ್ನೇ ತೆಗೆದ ಉದಾಹರಣೆಗಳಿವೆ. 2018ರ ಆಗಸ್ಟ್‌ನಲ್ಲಿ ರಾಜ್ಯಸಭೆಯ ಉಪಸಭಾಪತಿ ಚುನಾವಣೆಯಲ್ಲಿ ಸೋತ ಕರ್ನಾಟಕದ ಬಿ.ಕೆ. ಹರಿಪ್ರಸಾದ್ ಅವರ ಹೆಸರಿನ ಮೊದಲಕ್ಷರಗಳನ್ನು ಹಿಡಿದು ನರೇಂದ್ರ ಮೋದಿ ಆಡಿದ ಚಟಾಕಿಯನ್ನು, ವಿರೋಧ ಪಕ್ಷದ ಸದಸ್ಯರು ಆಕ್ಷೇಪ ಎತ್ತಿದ ಮೇಲೆ, ಕಡತದಿಂದ ತೆಗೆಯಲಾಯಿತು. 2020ರ ಫೆಬ್ರುವರಿಯಲ್ಲೂ ಅವರ ಭಾಷಣದ ಒಂದು ಪದ ಹೋಯಿತು. ಎರಡು ಸಲವೂ ಸಭಾಪತಿಯಾಗಿದ್ದವರು ವೆಂಕಯ್ಯ ನಾಯ್ಡು. ತಮ್ಮದೇ ಹಿಂದಿನ ಪಕ್ಷದ ನಾಯಕನ ಮಾತಿಗೆ ಕತ್ತರಿ ಹಾಕಲು ಧೈರ್ಯ ಬೇಕು. ಅವರಿಗೆ ಆ ಗೌರವ ಸಲ್ಲಬೇಕು.

ಇನ್ನು ಅಸಂಸದೀಯ ಪದಗಳ ಪಟ್ಟಿಯ ವಿಷಯ. ಲೋಕಸಭಾ ಸಚಿವಾಲಯ ದಶಕಗಳಿಂದ ಇಂಥ ಸಂಗ್ರಹ ತರುತ್ತಿದೆ. 2022ರ ಜುಲೈನಲ್ಲಿ ಬಂದ ಪಟ್ಟಿಯಲ್ಲಿ ಭ್ರಷ್ಟ, ನಾಚಿಕೆ, ದ್ರೋಹ ಎಂಬರ್ಥದ ಪದಗಳೂ ಇದ್ದದ್ದು ದೊಡ್ಡ ಸುದ್ದಿಯಾಯಿತು. ಯಾವ ಪದವನ್ನೂ ನಿಷೇಧಿಸಿಲ್ಲ, ಈಗಾಗಲೇ ತೆಗೆದದ್ದರ ಸಂಗ್ರಹ ಮಾತ್ರ ಎಂದು ಸ್ಪೀಕರ್ ಸ್ಪಷ್ಟಪಡಿಸಿದರು. ಅದು ನಿಜವೇ. ಆದರೂ ಪಟ್ಟಿ ನೋಡಿ ತೀರ್ಪು ಕೊಡುವ ಅಭ್ಯಾಸ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ನಾಸಿಕ್‌ನ ಸಂಸದರಾಗಿದ್ದ ಹೇಮಂತ್ ಗೋಡ್ಸೆ ಅವರ ಪ್ರಸಂಗ ಸಾಕು. ಗೋಡ್ಸೆ ಎಂಬ ಪದ ಪಟ್ಟಿಯಲ್ಲಿ ಸೇರಿಹೋಗಿತ್ತು. ತನ್ನ ಮನೆತನದ ಹೆಸರೇ ಅಸಂಸದೀಯವಾಗುವುದು ಹೇಗೆ ಎಂದು ಅವರು ಕೇಳಬೇಕಾಯಿತು. 2015ರಲ್ಲಿ ಆಗಿನ ಸ್ಪೀಕರ್ ಸುಮಿತ್ರಾ ಮಹಾಜನ್ ಅದನ್ನು ಸರಿಪಡಿಸಿದರು. ಮಾತಿನ ತಪ್ಪು ಸರಿ ಇರುವುದು ಅದನ್ನು ಯಾರ ಮೇಲೆ, ಯಾವ ಸಂದರ್ಭದಲ್ಲಿ, ಯಾವ ಆಧಾರದಿಂದ ಆಡಿದರು ಎಂಬುದರಲ್ಲಿ. ಸಾಕ್ಷ್ಯ ಮುಂದಿಟ್ಟು "ಭ್ರಷ್ಟ" ಎನ್ನುವುದು ಶಾಸಕರ ಕರ್ತವ್ಯವೇ ಆಗಬಹುದು. ಅದನ್ನು ತೂಗಿ ನೋಡುವ ಕೆಲಸವನ್ನು ಪಟ್ಟಿಗೆ ಒಪ್ಪಿಸಲಾಗದು.

ಕರ್ನಾಟಕದ ಇತ್ತೀಚಿನ ಎರಡು ಪ್ರಸಂಗಗಳು ಎರಡು ಬೇರೆ ಪಾಠ ಹೇಳುತ್ತವೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮಾಜಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅತ್ಯಾಚಾರವನ್ನು ಕುರಿತ ಒಂದು ಹೇಯ ನುಡಿಯನ್ನು ಉದಾಹರಣೆಯಾಗಿ ಎತ್ತಿದರು. ಪೀಠದಲ್ಲಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿ ಆ ಕ್ಷಣ ನಕ್ಕದ್ದನ್ನು ದೇಶವೇ ನೋಡಿತು. ಮಾರನೆಯ ದಿನ ರಮೇಶ್ ಕುಮಾರ್ ಸದನದಲ್ಲಿ ಕ್ಷಮೆ ಕೇಳಿದರು. ಇಂಥ ಮಾತನ್ನು ತೆಗೆದುಹಾಕಿ ಕೈತೊಳೆದುಕೊಳ್ಳುವುದಕ್ಕಿಂತ ಅದನ್ನೂ ಕ್ಷಮೆಯನ್ನೂ ಅಕ್ಕಪಕ್ಕ ಉಳಿಸುವುದೇ ಮೇಲು. ಪೀಠ ನಕ್ಕದ್ದು ನಡಾವಳಿಯಲ್ಲಿ ಇರಲಿ ಬಿಡಲಿ, ಅಳಿಸಬೇಕಾದವರೇ ಆ ಕ್ಷಣದ ಪಾಲುದಾರರಾದಾಗ ಅಳಿಸುವಿಕೆ ಯಾರ ಮಾನ ಕಾಯುತ್ತದೆ ಎಂಬ ಪ್ರಶ್ನೆ ಏಳುತ್ತದೆ.

2024ರ ಡಿಸೆಂಬರ್‌ನಲ್ಲಿ ಅದೇ ಬೆಳಗಾವಿಯಲ್ಲಿ ವಿಧಾನ ಪರಿಷತ್ತಿನ ಸದಸ್ಯ ಸಿ.ಟಿ. ರವಿ ತಮ್ಮನ್ನು ಕುರಿತು ಅವಾಚ್ಯ ಪದ ಬಳಸಿದರೆಂದು ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ದೂರಿದರು. ತಾವು ಆ ಪದ ಆಡಿಲ್ಲವೆಂದು ರವಿ ನಿರಾಕರಿಸಿದರು. ಸದನ ಮುಂದೂಡಿದ ನಂತರ ನಡೆದದ್ದು, ಕಡತದಲ್ಲಿ ಅದರ ದಾಖಲೆ ಇಲ್ಲ ಎಂದರು ಸಭಾಪತಿ ಬಸವರಾಜ ಹೊರಟ್ಟಿ. ಪೊಲೀಸರು, ಹೈಕೋರ್ಟ್ ಎಲ್ಲ ನಡುವೆ ಬಂದರು. ಆಡಿದ್ದಾರೋ ಇಲ್ಲವೋ ಎಂಬುದನ್ನು ಇತ್ಯರ್ಥ ಮಾಡುವುದು ನನ್ನ ಕೆಲಸವಲ್ಲ. ಆಪಾದನೆ ಹೊತ್ತವರು, ಹೊರಿಸಿದವರು ಇಬ್ಬರಿಗೂ ನ್ಯಾಯ ಸಿಗಬೇಕಾದರೆ ನಂಬಲರ್ಹ ದಾಖಲೆ ಬೇಕಿತ್ತು. ಅದು ಇಲ್ಲದಿದ್ದಾಗ ಇಬ್ಬರೂ ತಮ್ಮ ತಮ್ಮ ಬೆಂಬಲಿಗರ ಗದ್ದಲಕ್ಕೆ ಬಿಟ್ಟುಹೋಗುತ್ತಾರೆ.

ನ್ಯಾಯಾಲಯಗಳೂ ಅಳಿಸುತ್ತವೆ, ಆದರೆ ಅವು ಅಳಿಸುವ ಕ್ರಮವೇ ಬೇರೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ನಾರಾಯಣ ಮುಲ್ಲಾ ಪೊಲೀಸ್ ಪಡೆಯನ್ನು ಸಂಘಟಿತ ಅಪರಾಧಿಗಳ ಗುಂಪಿಗೆ ಹೋಲಿಸಿ ಬರೆದಿದ್ದರು. ಅದನ್ನು ತೆಗೆಯಬೇಕೆಂದು ಉತ್ತರ ಪ್ರದೇಶ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1963ರಲ್ಲಿ ಕೋರ್ಟ್ ತೆಗೆಸಿತು, ಹೇಗೆ ತೆಗೆಯಬೇಕೆಂಬುದಕ್ಕೆ ಮೂರು ಪ್ರಶ್ನೆಗಳನ್ನೂ ಇಟ್ಟಿತು: ಟೀಕೆಗೆ ಒಳಗಾದವರಿಗೆ ತಮ್ಮ ಮಾತು ಹೇಳಲು ಅವಕಾಶ ಸಿಕ್ಕಿತ್ತೇ? ಟೀಕೆಗೆ ದಾಖಲೆಯಲ್ಲಿ ಸಾಕ್ಷ್ಯವಿದೆಯೇ? ಆ ಪ್ರಕರಣ ತೀರ್ಮಾನಿಸಲು ಆ ಮಾತು ಅಗತ್ಯವಿತ್ತೇ? ತೆಗೆದ ಮಾತು ಯಾವುದು, ಯಾಕೆ ತೆಗೆದದ್ದು ಎಂಬುದೆಲ್ಲ ಆ ತೀರ್ಪಿನಲ್ಲೇ ಇದೆ, ಯಾರು ಬೇಕಾದರೂ ಓದಿ ಒಪ್ಪಬಹುದು, ಒಪ್ಪದಿರಬಹುದು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕಲಾಪದ ನಡುವೆ ಆಡಿದ ಮಾತಿನ ವಿಡಿಯೊ 2024ರ ಸೆಪ್ಟೆಂಬರ್‌ನಲ್ಲಿ ಹರಡಿದಾಗಲೂ ಸುಪ್ರೀಂ ಕೋರ್ಟ್ ಎಚ್ಚರದಿಂದ ನಡೆದುಕೊಂಡಿತು. ಅವರು ತೆರೆದ ನ್ಯಾಯಾಲಯದಲ್ಲಿ ವಿಷಾದ ವ್ಯಕ್ತಪಡಿಸಿದ ಮೇಲೆ ಪ್ರಕರಣ ಮುಗಿಸಿತು. ನೇರ ಪ್ರಸಾರ ನಿಲ್ಲಿಸುವುದು ಇದಕ್ಕೆ ಮದ್ದಲ್ಲ, ಬೆಳಕು ಇನ್ನೂ ಹೆಚ್ಚಾಗಬೇಕು ಎಂಬ ನಿಲುವು ತಾಳಿತು.

ಆಸ್ಟ್ರೇಲಿಯಾದ ಸೆನೆಟ್ 1988ರಲ್ಲಿ ಇನ್ನೂ ಮುಂದೆ ಹೋಯಿತು. ಸದನದಲ್ಲಿ ಹೆಸರೆತ್ತಿ ಟೀಕೆಗೊಳಗಾದ ನಾಗರಿಕರು ಸಮಜಾಯಿಷಿ ಕಳಿಸಬಹುದು. ಸಮಿತಿ ಒಪ್ಪಿದರೆ ಅದು ಅಧಿಕೃತ ನಡಾವಳಿಯಲ್ಲೇ ಅಚ್ಚಾಗುತ್ತದೆ. ನಮ್ಮ ಆ ಗುಮಾಸ್ತರಿಗೆ ಇದಕ್ಕಿಂತ ಒಳ್ಳೆಯ ನ್ಯಾಯ ಯಾವುದಿದೆ? ಅವರ ಹೆಸರಿನ ಜಾಗದಲ್ಲಿ ನಕ್ಷತ್ರ ಕೂರಿಸಿದರೆ ವಿಡಿಯೊ ನೋಡಿದ ಊರವರ ಬಾಯಿ ಮುಚ್ಚುವುದಿಲ್ಲ. ಅವರ ಉತ್ತರವೂ ಅದೇ ಕಡತದಲ್ಲಿ ಸಿಕ್ಕರೆ ಅದನ್ನು ಹಿಡಿದು ತೋರಿಸಬಹುದು.

ನಮ್ಮ ಸದನಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೊಠಡಿಯಲ್ಲಿ ನಡೆಯುವ ಅಳಿಸುವಿಕೆ. ಸದನದಲ್ಲಿ ಎಲ್ಲರೆದುರು "ತೆಗೀರಿ" ಎಂದರೆ ಸದಸ್ಯರು ಅಲ್ಲೇ ಪ್ರತಿಭಟಿಸಬಹುದು. "ಕಡತ ತರಿಸಿ ನೋಡಿ ತೀರ್ಮಾನಿಸುತ್ತೇನೆ" ಎಂದ ಮೇಲೆ ತೀರ್ಮಾನ ಆಗುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಗೊತ್ತಾಗುವುದು ಮರುದಿನ ಕರಡು ನೋಡಿದಾಗ. ಇದಕ್ಕೆ ಸಂವಿಧಾನ ತಿದ್ದುಪಡಿಯೇನೂ ಬೇಡ. ಮಾನಹಾನಿ, ಅಸಭ್ಯ, ಅಸಂಸದೀಯ, ಘನತೆಗೆ ಕುಂದು, ಈ ನಾಲ್ಕರಲ್ಲಿ ಯಾವ ಕಾರಣಕ್ಕೆ ತೆಗೆದದ್ದು ಎಂದು ಅಡಿಟಿಪ್ಪಣಿಯಲ್ಲಿ ಒಂದು ಪದ ಹೆಚ್ಚಿಗೆ ಬರೆದರೆ ಸಾಕು. ಕೊಠಡಿಯಲ್ಲಿ ತೆಗೆದದ್ದನ್ನು ಮರುದಿನ ಸದನಕ್ಕೆ ತಿಳಿಸಲಿ. ತೆಗೆಯುವ ಮುನ್ನ ಆ ಸದಸ್ಯರನ್ನು ಕರೆಸಿ ಒಂದು ಮಾತು ಕೇಳಲಿ. ಮೂಲ ಪ್ರತಿಯನ್ನು ಮೊಹರು ಮಾಡಿ ಇಟ್ಟು, ಮೂವತ್ತು ವರ್ಷದ ನಂತರವಾದರೂ ಸಂಶೋಧಕರಿಗೆ ತೆರೆಯಲಿ. ಇಷ್ಟಕ್ಕೂ ನಿಯಮಾವಳಿಯ ತಿದ್ದುಪಡಿ ಸಾಕು. ಲೋಕಸಭೆಯಲ್ಲಿ ಅದನ್ನು ಶಿಫಾರಸು ಮಾಡಬೇಕಾದ ನಿಯಮಾವಳಿ ಸಮಿತಿಯ ಅಧ್ಯಕ್ಷರು ಸ್ವತಃ ಸ್ಪೀಕರೇ.